ಎಂಟು ಕಿಲೋ ಎಂಟುನೂರು ಗ್ರಾಂ

ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ದಾಟಿ ಎರಡು ಕಿಲೋಮೀಟರ್ ಆದ ಮೇಲೆ, ಎಡಗಡೆ ಒಂದು ಹಳೆಯ ಗೋದಾಮು ಇದೆ. ತಗಡಿನ ಚಾವಣಿ, ಮುಂದೆ ಅರ್ಧ ಎಕರೆಯಷ್ಟು ಕಾಂಕ್ರೀಟ್ ಅಂಗಳ. ಸುತ್ತಲ ಹಳ್ಳಿಗಳ ಶುಂಠಿ, ಮುಸುಕಿನ ಜೋಳ ಅಲ್ಲಿಗೆ ಬಂದು, ತೂಗಿಸಿಕೊಂಡು, ಲಾರಿ ಹತ್ತಿ ಹೋಗುತ್ತಿದ್ದವು. ಇಪ್ಪತ್ತಾರು ವರ್ಷ ಅವನ್ನು ತೂಗಿದವರು ಪುಟ್ಟರಾಜು. ಈಗ ಅವರಿಗೆ ಐವತ್ತಾರು.

ತೂಗುವುದು ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುವ ಕೆಲಸ. ಇಬ್ಬರಿಗೂ ತೂಗುವವನ ಮೇಲೆ ಅನುಮಾನ ಇರುತ್ತದೆ. ಪುಟ್ಟರಾಜು ಮೇಲೆ ಇರಲಿಲ್ಲ. ಅದಕ್ಕೆ ಕಾರಣ ಗೋಣಿಚೀಲ. ಶುಂಠಿಯ ವ್ಯಾಪಾರ ನಡೆಯುವುದು ಅರವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ. ಅರವತ್ತು ಎಂದರೆ ಒಳಗಿನ ಮಾಲು ಮಾತ್ರ, ಗೋಣಿಯ ತೂಕವನ್ನು ಕಳೆಯಬೇಕು. ಎಷ್ಟು ಕಳೆಯಬೇಕು ಎನ್ನುವುದರಲ್ಲೇ ಜಗಳ. ಕೊಳ್ಳುವವರು ಎರಡು ಕಿಲೋ ಎನ್ನುತ್ತಾರೆ, ಬೆಳೆದವರು ಅರ್ಧ ಕಿಲೋ ಎನ್ನುತ್ತಾರೆ. ಪುಟ್ಟರಾಜು ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಹತ್ತು ಖಾಲಿ ಗೋಣಿಯನ್ನು ಒಟ್ಟಿಗೆ ತಕ್ಕಡಿಗೆ ಹಾಕಿ, ಬಂದದ್ದನ್ನು ಹತ್ತರಿಂದ ಭಾಗಿಸಿ, ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಬಿಡುತ್ತಿದ್ದರು. ಗೋಡೆ ನೋಡಿದ ಮೇಲೆ ಜಗಳಕ್ಕೆ ಏನೂ ಉಳಿಯುತ್ತಿರಲಿಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ ಶುಂಠಿ ಕೀಳುವ ಕಾಲದಲ್ಲಿ ಅವರನ್ನು ಹೊಲಗಳಿಗೇ ಕರೆಸಿಕೊಳ್ಳುತ್ತಿದ್ದರು. ಅರಕಲಗೂಡು, ಹೊಳೆನರಸೀಪುರ ಎರಡು ತಾಲ್ಲೂಕಿನಲ್ಲೂ ಕರೆ ಇತ್ತು. ಅವರಿಗಿರುವ ಜಮೀನು ಮನೆ ಹಿಂದಿನ ಎಂಟು ಗುಂಟೆ. ಜೀವನ ನಡೆದದ್ದು ಪುಟ್ಟರಾಜು ತೂಗಿದರೆ ಸರಿಯಾಗಿರುತ್ತದೆ ಎನ್ನುವ ಒಂದು ಮಾತಿನ ಮೇಲೆ. ಆ ಮಾತು ಹೋದರೆ ಹೊಸದಾಗಿ ಸಂಪಾದಿಸುವ ವಯಸ್ಸಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಗೋದಾಮನ್ನು ನಭೋಲಿಂಕ್ ಎಂಬ ಬೆಂಗಳೂರಿನ ಕಂಪನಿ ಬಾಡಿಗೆಗೆ ಹಿಡಿಯಿತು. ಅವರದು ಹಾರುವ ಟ್ಯಾಕ್ಸಿ. ನಾಲ್ಕು ಸೀಟು, ಎಂಟು ಫ್ಯಾನು, ಹೊಟ್ಟೆಯ ತುಂಬ ಬ್ಯಾಟರಿ, ಚಾಲಕ ಇಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹತ್ತೊಂಬತ್ತು ನಿಮಿಷ ಎಂದು ಅವರ ಬಣ್ಣದ ಪುಸ್ತಕದಲ್ಲಿ ಅಚ್ಚಾಗಿತ್ತು. ಆ ಎರಡು ಜಾಗಗಳ ನಡುವೆ ಆಕಾಶದಲ್ಲಿ ಗೆರೆ ಎಳೆದರೆ ಸುಮಾರು ನಲವತ್ತು ಕಿಲೋಮೀಟರ್. ಬೆಂಗಳೂರಿನ ತಲೆಯ ಮೇಲೆ ಪರೀಕ್ಷೆ ಮಾಡಲು ಅವರಿಗೆ ಅನುಮತಿ ಸಿಗಲಿಲ್ಲ. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ನಡುವೆ ಹೊಳೆನರಸೀಪುರ, ಹೇಮಾವತಿ ನದಿ, ಉಳಿದದ್ದೆಲ್ಲ ಹೊಲ. ಬೆಂಗಳೂರಿನವರ ತಲೆಯ ಮೇಲೆ ಬೀಳಬಾರದ್ದು ಇಲ್ಲಿನವರ ಹೊಲದಲ್ಲಿ ಬೀಳಬಹುದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಕ್ಷೆ ನೋಡಿದರೆ ಗೊತ್ತಾಗುತ್ತಿತ್ತು.

ಗೋದಾಮಿನ ಜೊತೆ, ಬಾಗಿಲಲ್ಲಿ ನೆಲಕ್ಕೆ ಕೂರಿಸಿದ್ದ, ಒಂದು ಟನ್ನಿನವರೆಗೆ ತೂಗುವ ದೊಡ್ಡ ತಕ್ಕಡಿ ಬಂತು; ಅದು ಇದೆ ಎಂದೇ ಕಂಪನಿ ಈ ಜಾಗ ಆರಿಸಿತ್ತು. ತಕ್ಕಡಿಯ ಜೊತೆ ಪುಟ್ಟರಾಜು ಬಂದರು. ಯಂತ್ರಕ್ಕೆ ಹೇರುವ ಭಾರವನ್ನು ತೂಗಿ ಬರೆದುಕೊಡುವುದು ಅವರ ಕೆಲಸ ಎಂದು ತೀರ್ಮಾನವಾಯಿತು. ಹೇಳಿಕೊಟ್ಟವರು ಸೌಜನ್ಯ, ಪರೀಕ್ಷೆಯ ಎಂಜಿನಿಯರ್. ಹಾಸನದ ಹುಡುಗಿ, ಮೂವತ್ತು ದಾಟಿರಲಿಲ್ಲ.

"ಒಬ್ಬೊಬ್ಬರಿಗೆ ಎಪ್ಪತ್ತೈದು ಕೆಜಿ ಪುಟ್ಟರಾಜಣ್ಣ. ಮೈತೂಕ ಅರವತ್ತೆಂಟು, ಬ್ಯಾಗು ಏಳು. ನಾಲ್ಕು ಜನಕ್ಕೆ ಮುನ್ನೂರು."

"ಏಳ್ ಕೇಜಿ ಬ್ಯಾಗಾ ಮೇಡಂ?"

"ಯಾಕೆ, ಸಾಲಲ್ವಾ?"

"ನಮ್ಮನೆಯವ್ಳು ಮಗಳ ಮನೆಗ್ ಓದ್ರೆ ಅವರೇಕಾಯೇ ಅತ್ತು ಕೇಜಿ ಒತ್ಕಂಡೋಯ್ತಾಳೆ. ಅದ್ರ್ ಮ್ಯಾಲೆ ನಾಕು ತೆಂಗಿನ್ಕಾಯಿ. ಬರಿಗೈಲಿ ಯಾರ್ ಓಗ್ತಾರೆ?"

"ಇದು ನೆಂಟರ ಮನೆಗಲ್ಲ ಅಣ್ಣ. ಲ್ಯಾಪ್‌ಟಾಪ್ ಹಿಡ್ಕೊಂಡು ಆಫೀಸಿಗೆ ಹೋಗೋರಿಗೆ."

"ಅಂಗಾದ್ರೆ ನಮ್ ಕಡೆಯೋರು ಇದ್ನ ಅತ್ತಂಗಿಲ್ಲ ಅನ್ನಿ."

ಸೌಜನ್ಯ ನಕ್ಕರು. ಪುಟ್ಟರಾಜು ನಗಲಿಲ್ಲ. ಅವರು ಪ್ರಶ್ನೆ ಕೇಳಿದ್ದೇ ಹೊರತು ತಮಾಷೆ ಮಾಡಿರಲಿಲ್ಲ.

ಜುಲೈಯಿಂದ ಅಕ್ಟೋಬರ್‌ವರೆಗೆ ಮೂವತ್ತೊಂದು ಬೆಳಿಗ್ಗೆ ಹಾರಾಟ ಎಂದು ಗೊತ್ತುಮಾಡಿದ್ದರು. ಯಂತ್ರ ಮೇಲೆದ್ದದ್ದು ಹನ್ನೆರಡು ಬೆಳಿಗ್ಗೆ. ಮಳೆಗಾಲದ ಗಾಳಿಗೆ ನಾಲ್ಕು ದಿನ ಹೋಯಿತು. ಮಂಜಿಗೆ ಆರು ದಿನ. ಕರೆಂಟು ಕೈಕೊಟ್ಟು ಬ್ಯಾಟರಿ ತುಂಬದೆ ಮೂರು ದಿನ. ಉಳಿದದ್ದು ಒಂದಲ್ಲ ಒಂದು ಒಪ್ಪಿಗೆಯ ಪತ್ರ ಬರಲಿಲ್ಲ ಎಂದು. ಎದ್ದ ದಿನಗಳಲ್ಲೂ ಹತ್ತು ಹನ್ನೆರಡು ನಿಮಿಷದ ಹಾರಾಟಕ್ಕೆ ಎರಡು ಗಂಟೆಯ ತಯಾರಿ. ಇಳಿದ ಮೇಲೆ ಮತ್ತೆ ಬ್ಯಾಟರಿ ತುಂಬಲು ಒಂದೂವರೆ ಗಂಟೆ. ಈ ಅಂಕಿಗಳು ಬಣ್ಣದ ಪುಸ್ತಕದಲ್ಲಿ ಇರಲಿಲ್ಲ.

ಇವನ್ನೆಲ್ಲ ಪುಟ್ಟರಾಜುಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದವರು ರವೀಂದ್ರ. ಅರಕಲಗೂಡು ಟ್ಯಾಕ್ಸಿ ಸ್ಟ್ಯಾಂಡಿನವರು, ಪುಟ್ಟರಾಜು ಜೊತೆ ಹೈಸ್ಕೂಲು ಓದಿದವರು. ಹಾಸನದಲ್ಲಿ ಉಳಿದುಕೊಂಡಿದ್ದ ಎಂಜಿನಿಯರುಗಳನ್ನು ದಿನಾ ಕರೆತಂದು ಬಿಡಲು ಕಂಪನಿ ಅವರ ಏಳು ಸೀಟಿನ ಕಾರನ್ನೇ ಗೊತ್ತುಮಾಡಿತ್ತು.

"ಆರೋ ಟ್ಯಾಕ್ಸಿಯೋರು ದಿನಾ ಬರೋದು ನನ್ ಟ್ಯಾಕ್ಸೀಲಿ ಕಣ್ಲಾ," ಎಂದು ಅವರು ಗೋದಾಮಿನ ಎದುರಿನ ಟೀ ಅಂಗಡಿಯಲ್ಲಿ ಕೂತು ಕೂಗುತ್ತಿದ್ದರು. "ಒಂದಿನ ಅದನ್ನೇ ಅತ್ಕಂಡು ಬರಾಕೇಳ್ಲಾ ಪುಟ್ಟರಾಜ. ನಾನು ಕಾರ್ ಮಾರ್ಬುಟ್ಟು ದನ ಕಾಯ್ತೀನಿ."

"ಕಾರ್ ಮಾರ್ಬ್ಯಾಡ, ಬುಡು," ಎನ್ನುತ್ತಿದ್ದರು ಪುಟ್ಟರಾಜು. ಅದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಸಂಬಳ ಕೊಡುವವರ ಅಂಗಳದಲ್ಲಿ ನಿಂತು ಅವರನ್ನು ಆಡಿಕೊಳ್ಳುವುದು ಅವರಿಗೆ ಸರಿಬರುತ್ತಿರಲಿಲ್ಲ.

ನವೆಂಬರ್ ಕೊನೆಯ ವಾರ ದೊಡ್ಡ ಹಾರಾಟ ಎಂದಾಯಿತು. ಪೂರ್ತಿ ನಲವತ್ತು ಕಿಲೋಮೀಟರ್, ಪೂರ್ತಿ ಮುನ್ನೂರು ಕಿಲೋ. ಚನ್ನರಾಯಪಟ್ಟಣದ ಹೊರಗೆ ಒಂದು ಮೈದಾನದಲ್ಲಿ ಶಾಮಿಯಾನ ಹಾಕಿ, ಹಣ ಹೂಡುವವರನ್ನು ಬೆಂಗಳೂರಿನಿಂದ ಕರೆಸಿದ್ದರು. ಅವರು ಬಂದದ್ದು ಹೆದ್ದಾರಿಯಲ್ಲಿ, ಕಾರುಗಳಲ್ಲಿ. ಅಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವರು ಕಂಪನಿಯ ಯೋಜನಾ ಮುಖ್ಯಸ್ಥ ರಜನೀಶ್. ಇಲ್ಲಿ ಯಂತ್ರವನ್ನು ಕಳುಹಿಸಬೇಕಾದವರು ಸೌಜನ್ಯ.

ಅಲ್ಲಿಯವರೆಗೆ ಭಾರಕ್ಕೆಂದು ಬೆಂಗಳೂರಿನಿಂದ ತಂದ ಕಬ್ಬಿಣದ ಪಟ್ಟಿಗಳನ್ನು ಬಳಸುತ್ತಿದ್ದರು. ಪೂರ್ತಿ ಭಾರಕ್ಕೆ ಅವು ಸಾಲಲಿಲ್ಲ. ಮರಳಿನ ಮೂಟೆ ಇಡೋಣ ಎಂದರು ಸೌಜನ್ಯ. ಒಂಟಿ ಗೋಣಿಯಾದರೆ ಸೀಟಿನ ಮೇಲೆ ಮರಳು ಸೋರುತ್ತದೆ ಎಂದು ಪುಟ್ಟರಾಜು ಜೋಡಿ ಗೋಣಿ ಹಿಡಿದರು. ಎರಡು ಗೋಣಿಯನ್ನು ಒಂದರೊಳಗೊಂದು ಸೇರಿಸಿ ತಕ್ಕಡಿಯ ಮೇಲಿಟ್ಟು, ಸೊನ್ನೆಯ ಗುಂಡಿ ಒತ್ತಿ, ಮರಳು ಸುರಿದರು. ಎಪ್ಪತ್ತೈದು ಬಂತು. ಬಾಯಿ ಹೊಲಿದರು. ಹೀಗೆ ನಾಲ್ಕು ಮೂಟೆ. ಹಾಳೆಯ ಮೇಲೆ ನಾಲ್ಕು ಸಲ ಎಪ್ಪತ್ತೈದು ಎಂದು ಬರೆದು, ಕೆಳಗೆ ಮುನ್ನೂರು ಎಂದು ಹಾಕಿ, ಸಹಿ ಮಾಡಿಕೊಟ್ಟರು. ಸೌಜನ್ಯ ಪಕ್ಕದಲ್ಲಿ ಸಹಿ ಹಾಕಿದರು. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸ ಅದು. ಕೈ ತಾನೇ ಮಾಡಿತು.

ಆ ದಿನ ಎಂಟೂವರೆಗೆ ಹೊರಡಬೇಕಿತ್ತು. ಮಂಜು ಕರಗಿದ್ದು ಹತ್ತೂ ಮುಕ್ಕಾಲಿಗೆ. ಹನ್ನೊಂದು ದಾಟಿ ಐದು ನಿಮಿಷಕ್ಕೆ ಯಂತ್ರ ಎದ್ದಿತು. ನಾಲ್ಕು ಮೂಟೆ ಮರಳು ನಾಲ್ಕು ಚರ್ಮದ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಪೂರ್ವಕ್ಕೆ ಹೊರಟವು. ಹೇಮಾವತಿ ದಾಟುವವರೆಗೆ ಸರಿಯಾಗಿತ್ತು. ಆಮೇಲೆ ಬ್ಯಾಟರಿ ಲೆಕ್ಕಕ್ಕಿಂತ ಬೇಗ ಇಳಿಯತೊಡಗಿತು. ಚನ್ನರಾಯಪಟ್ಟಣ ಇನ್ನೂ ಐದು ಕಿಲೋಮೀಟರ್ ಇರುವಾಗ ಯಂತ್ರ, ತನಗೆ ಹೇಳಿಕೊಟ್ಟಿದ್ದಂತೆ, ಕೆಳಗೆ ಯಾವುದು ಸಮತಟ್ಟಾಗಿ ಕಂಡಿತೋ ಅಲ್ಲಿ ಇಳಿಯಿತು.

ಸಮತಟ್ಟಾಗಿ ಕಂಡದ್ದು ಶಿವಗಂಗಮ್ಮ ಎಂಬುವವರ ರಾಗಿ ಹೊಲ. ಒಂದೂಕಾಲು ಎಕರೆ. ರಾಗಿ ಕೊಯ್ದು, ಒಣಗಲೆಂದು ಸಾಲುಸಾಲಾಗಿ ಹರವಿದ್ದರು. ಇನ್ನೆರಡು ದಿನ ಬಿಟ್ಟು ಕಟ್ಟು ಕಟ್ಟಿ ಮೆದೆ ಹಾಕಬೇಕಿತ್ತು. ಎಂಟು ಫ್ಯಾನು ಮೇಲಿನಿಂದ ಬೀಸಿದಾಗ ಸಾಲು ಎನ್ನುವುದು ಉಳಿಯಲಿಲ್ಲ. ಒಂದಷ್ಟು ಬೇಲಿಗೆ ಸಿಕ್ಕಿಕೊಂಡಿತು. ಒಂದಷ್ಟು ಪಕ್ಕದವರ ಹೊಲದಲ್ಲಿ ಹರವಿದ್ದ ರಾಗಿಯ ಮೇಲೆ ಹೋಗಿ ಬಿತ್ತು. ಯಂತ್ರದ ಒಂದು ಕಾಲು ಮಣ್ಣಿನಲ್ಲಿ ಹೂತು ಬಾಗಿತು.

ರವೀಂದ್ರ ಸೌಜನ್ಯರನ್ನೂ ಪುಟ್ಟರಾಜುವನ್ನೂ ಕೂರಿಸಿಕೊಂಡು ಅಲ್ಲಿಗೆ ತಲುಪಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಊರು ಸೇರಿತ್ತು. ಶಿವಗಂಗಮ್ಮ ಯಂತ್ರದ ಮುಂದೆ ಕುಡುಗೋಲು ಹಿಡಿದು ನಿಂತಿದ್ದರು.

"ಯಾರ್ರಪ್ಪ ಇದ್ರ ಯಜಮಾನ್ರು?"

"ನಾವು ಕಂಪನಿಯವರು ಅಮ್ಮ," ಎಂದರು ಸೌಜನ್ಯ. "ತುಂಬಾ ಸಾರಿ. ಆಗಿರೋ ನಷ್ಟ ಎಲ್ಲ—"

"ನಿನ್ ಸಾರೀಲಿ ನಾನೇನ್ ಮುದ್ದೆ ತಿರುವ್ಲಾ? ನೋಡ್ ತಾಯಿ ಅಲ್ಲಿ. ನಂದ್ಯಾವ್ದು, ಪಕ್ಕದ್ ಒಲದೋರ್ದ್ಯಾವ್ದು, ಆರ್ಸ್ಕೊಡು ಬಾ. ನಾಳಿಂದ ಅವ್ರಿಗೂ ನಮಗೂ ಮಾತಿರಲ್ಲ. ಇದ್ರೊಳ್ಗೆ ಯಾರಿದ್ರು? ಎಲ್ಲೋದ್ರು?"

"ಯಾರೂ ಇರಲಿಲ್ಲಮ್ಮ. ಮರಳಿನ ಮೂಟೆ."

ಶಿವಗಂಗಮ್ಮ ಬಗ್ಗಿ ಗಾಜಿನೊಳಗೆ ನೋಡಿದರು. ಮೂಟೆಗಳು ಬೆಲ್ಟು ಹಾಕಿಕೊಂಡು ಕೂತಿದ್ದವು.

"ಮರ್ಳ್ ಮೂಟೇನಾ? ಅರಕಲಗೂಡಿಂದ ಮರ್ಳ್ ಮೂಟೇನ ಸವಾರಿ ಕಳ್ಸಿದ್ರಾ? ಯಾಕೆ, ನಿಮ್ಮೂರ್ನಾಗೆ ಟ್ಯಾಕ್ಟ್ರಿಗೆ ಬರ ಬಂದಿತ್ತಾ?"

ಸೇರಿದ್ದವರು ನಕ್ಕರು. ಅದು ಸ್ನೇಹದ ನಗೆಯಾಗಿರಲಿಲ್ಲ. ಯಾರೋ ಒಬ್ಬರು ಯಂತ್ರದ ಮೈಗೆ ಕಲ್ಲಿನಿಂದ ತಟ್ಟಿ ನೋಡಿದರು. ಇನ್ನೊಬ್ಬರು ಬೆಳೆ ಪರಿಹಾರ ಬರೆದುಕೊಡುವವರೆಗೆ ಇದು ಇಲ್ಲಿಂದ ಕದಲುವುದಿಲ್ಲ ಎಂದರು. ಸೌಜನ್ಯ ಬರೆದುಕೊಟ್ಟರು.

ಎತ್ತಲು ಹಗುರವಾಗಲಿ ಎಂದು ಮೂಟೆಗಳನ್ನು ಕೆಳಗಿಳಿಸಬೇಕಾಯಿತು. ರವೀಂದ್ರ ಒಂದು ಕಡೆ, ಪುಟ್ಟರಾಜು ಒಂದು ಕಡೆ ಹಿಡಿದು ಮೊದಲ ಮೂಟೆಯನ್ನು ಸೀಟಿನಿಂದ ಎಳೆದರು. ಮೂಟೆ ನೆಲಕ್ಕೆ ಬಂದ ಮೇಲೂ ಪುಟ್ಟರಾಜು ಅದರ ಬಾಯಿಯ ಜೋಡಿ ಗೋಣಿಯನ್ನು ಕೈಯಿಂದ ಬಿಡಲಿಲ್ಲ.

"ಮೇಡಂ, ನೀವೇಳಿದ್ ಎಪ್ಪತ್ತೈದು... ಗೋಣೀನೂ ಸೇರ್ಸಿ ಎಪ್ಪತ್ತೈದಾ?"

"ಹೌದಲ್ವಾ ಮತ್ತೆ? ಸೀಟಿನ ಮೇಲೆ ಎಷ್ಟು ಭಾರ ಕೂರುತ್ತೋ ಅಷ್ಟೂ."

"ನಾನು ಗೋಣಿ ಕಳ್ದು ತೂಗಿವ್ನಿ."

ಸೌಜನ್ಯ ಫೋನು ತೆಗೆಯುವ ಮೊದಲೇ ಅವರು ಲೆಕ್ಕ ಹೇಳಿದರು. ಒಂದು ಗೋಣಿ ಒಂದು ಕಿಲೋ ನೂರು ಗ್ರಾಂ. ನಾಲ್ಕು ಮೂಟೆಗೆ ಎಂಟು ಗೋಣಿ. ಎಂಟು ಕಿಲೋ ಎಂಟುನೂರು ಗ್ರಾಂ ಜಾಸ್ತಿ ಹೋಗಿತ್ತು.

ರವೀಂದ್ರ ಅವರ ತೋಳು ಹಿಡಿದು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದರು. "ತಲೆ ನೆಟ್ಟಗೈತೇನ್ಲಾ? ಮರ್ಳ್ ಇಲ್ಲೇ ಸುರ್ದು ಗೋಣಿ ಬಿಸಾಕಿದ್ರೆ ಯಾವನಿಗ್ ಗೊತ್ತಾಯ್ತಿತ್ತು?"

"ನಂಗೊತ್ತಿತ್ತಲ್ಲ."

"ನಿಂಗೊತ್ತಿದ್ರೆ ನಿನ್ನಲ್ಲೇ ಮಡಿಕ್ಕೊ. ಎಲ್ರ ಎದ್ರೂ ಯಾಕ್ ಒದರ್ದೆ? ಈಗ ನೋಡ್ತಿರು, ಇಷ್ಟ್ ದೊಡ್ ಮಿಶಿನ್ನು ಬಿದ್ದಿದ್ದು ನಿನ್ ಗೋಣಿಯಿಂದ ಅಂತಾರೆ."

ಹಾಗೇ ಆಯಿತು. ಸಂಜೆಯ ಹೊತ್ತಿಗೆ ಅರಕಲಗೂಡಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಾಲು ಓಡಾಡಿತು: ತೂಕ ಹಾಕುವವನ ಎಡವಟ್ಟು, ನೆಲಕ್ಕಿಳಿದ ಹಾರುವ ಟ್ಯಾಕ್ಸಿ. ಹೆಸರು ಇರಲಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ. ಶಾಮಿಯಾನದ ಕೆಳಗೆ ಮೂರು ಗಂಟೆ ಕಾದು ಎದ್ದುಹೋದ ಹೂಡಿಕೆದಾರರಿಗೆ ರಜನೀಶ್ ಹೇಳಿದ್ದೂ ಅದನ್ನೇ: ಯಂತ್ರದಲ್ಲಿ ದೋಷವಿಲ್ಲ, ಸ್ಥಳೀಯ ಕೆಲಸಗಾರನ ತೂಕದ ತಪ್ಪು.

ಮಾರನೆಯ ದಿನ ಯಂತ್ರವನ್ನು ತರಲು ಹೊಳೆನರಸೀಪುರದಿಂದ ಲಾರಿ ಗೊತ್ತುಮಾಡಿದರು. ಜೊತೆಗೆ ಹೋದವರು ಪುಟ್ಟರಾಜು. ಮಾಲು ತರಲು ಹೋಗುವ ಲಾರಿಯನ್ನು ಖಾಲಿ ಇರುವಾಗ ಒಮ್ಮೆ, ತುಂಬಿದ ಮೇಲೆ ಒಮ್ಮೆ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳುವುದು ಅವರ ಕಸುಬಿನ ಕ್ರಮ. ಲಾರಿಗಳ ಬಾಡಿಗೆ ಟನ್ನಿನ ಮೇಲೆ. ಚೀಟಿ ಇಲ್ಲದೆ ಲಾರಿಯನ್ನು ಅಂಗಳಕ್ಕೆ ಬಿಟ್ಟುಕೊಂಡ ನೆನಪು ಅವರಿಗಿಲ್ಲ. ಆ ದಿನದ ಬಾಡಿಗೆ ಟನ್ನಿನ ಲೆಕ್ಕದ್ದಲ್ಲ, ಚೀಟಿ ಕೇಳುವವರೂ ಇರಲಿಲ್ಲ. ಆದರೂ ಹೊಳೆನರಸೀಪುರದ ಹೊರಗಿನ ವೇಬ್ರಿಡ್ಜಿನಲ್ಲಿ ಹೋಗುವಾಗ ನಿಲ್ಲಿಸಿದರು, ಬರುವಾಗ ನಿಲ್ಲಿಸಿದರು.

ಖಾಲಿ ಲಾರಿ ಏಳು ಸಾವಿರದ ನೂರ ನಲವತ್ತು ಕಿಲೋ. ಮರಳಿಲ್ಲದೆ ಬರಿ ಯಂತ್ರ ಹೇರಿದ ಲಾರಿ ಏಳು ಸಾವಿರದ ಎಂಟುನೂರ ನಲವತ್ತು. ಎರಡು ಸಲವೂ ಒಳಗೆ ಚಾಲಕ ಒಬ್ಬನೇ. ಎರಡನೆಯ ಚೀಟಿಯನ್ನು ಪುಟ್ಟರಾಜು ಮೊದಲನೆಯದರ ಪಕ್ಕ ಹಿಡಿದು ಕಳೆದು ನೋಡಿದರು. ಭಾರ ಬರೆದುಕೊಳ್ಳಲು ಕಂಪನಿ ಕೊಟ್ಟಿದ್ದ ಅಚ್ಚಿನ ಹಾಳೆಯನ್ನು ಜೇಬಿನಿಂದ ತೆಗೆದು ಬಿಡಿಸಿದರು. ಹಾಳೆಯಲ್ಲಿ ಯಂತ್ರದ ಬರಿಯ ತೂಕ ಆರುನೂರ ನಲವತ್ತು ಎಂದಿತ್ತು. ವೇಬ್ರಿಡ್ಜು ಏಳುನೂರು ಎನ್ನುತ್ತಿತ್ತು. ಹೋಗಿಬರುವಾಗ ಲಾರಿಯ ಡೀಸೆಲ್ ಒಂದಷ್ಟು ಖರ್ಚಾಗಿತ್ತು. ಅದನ್ನು ಲೆಕ್ಕಕ್ಕೆ ಹಿಡಿದರೆ ಯಂತ್ರ ಇನ್ನೂ ಸ್ವಲ್ಪ ಭಾರವೇ.

ಅರವತ್ತು ಕಿಲೋ. ಒಂದು ಮೂಟೆ ಶುಂಠಿ.

ಗೌರೀಶಂಕರ ಅವರ ಫೋನು ಬಂದದ್ದು ಆ ಸಂಜೆ. ಹೊಳೆನರಸೀಪುರದ ಶುಂಠಿ ವ್ಯಾಪಾರಿ, ಹದಿನೆಂಟು ವರ್ಷದಿಂದ ಪುಟ್ಟರಾಜು ತಕ್ಕಡಿಯಲ್ಲೇ ಮಾಲು ಕೊಂಡವರು.

"ಪುಟ್ಟರಾಜಣ್ಣ, ಜನವರಿಗೆ ಬರ್ಬೇಕು ಅಂದಿದ್ನಲ್ಲ, ಒಸಿ ತಡೀರಿ. ನಾನೇ ಏಳ್ತೀನಿ."

"ಯಾಕೆ ಶೆಟ್ರೇ?"

"ಏನಿಲ್ಲ. ರೈತ್ರು ಮಾತಾಡ್ಕತಾವ್ರೆ. ನಿಮ್ಮ್ ಮ್ಯಾಲೆ ನಂಗೇನೂ ಇಲ್ಲ. ಇದೊಂದು ತಣ್ಣಗಾಗ್ಲಿ."

ಮೂರನೆಯ ದಿನ ರಜನೀಶ್ ಗೋದಾಮಿಗೆ ಬಂದರು. ಮೇಜಿನ ಮೇಲೆ ಅಚ್ಚು ಹಾಕಿದ ಒಂದು ಹಾಳೆ ಇಟ್ಟು, ಪುಟ್ಟರಾಜು ಅವರನ್ನು ಕೂರಲು ಹೇಳಿದರು. ಸೌಜನ್ಯ ಕಿಟಕಿಯ ಹತ್ತಿರ ನಿಂತಿದ್ದರು. ಹಾಳೆಯಲ್ಲಿದ್ದದ್ದು ಇಷ್ಟು: ಭಾರವನ್ನು ತೂಗುವಾಗ ನಾನು ಮಾಡಿದ ಲೋಪವೇ ಈ ಘಟನೆಗೆ ಏಕೈಕ ಕಾರಣ.

"ತಪ್ಪು ಒಪ್ಕೊಂಡಿದ್ದೀರಿ, ಅದು ದೊಡ್ಡತನ," ಎಂದರು ರಜನೀಶ್. "ಒಂದು ಸೈನ್ ಹಾಕಿ, ಇಲ್ಲಿಗೆ ಮುಗೀತು. ಬೆಂಗಳೂರು ಸೈಟ್ ಶುರುವಾದಾಗ ನಿಮಗೆ ಅಲ್ಲಿ ಪರ್ಮನೆಂಟ್ ಕೆಲಸ. ನಾನು ಮಾತು ಕೊಡ್ತೀನಿ."

"ಇದ್ರಲ್ಲಿ ಏಕೈಕ ಅಂತ ಐತಲ್ಲ ಸಾ."

"ಅದು ಬರಿ ಫಾರ್ಮ್ಯಾಲಿಟಿ."

ಪುಟ್ಟರಾಜು ವೇಬ್ರಿಡ್ಜಿನ ಎರಡು ಚೀಟಿಯನ್ನು ಹಾಳೆಯ ಪಕ್ಕ ಇಟ್ಟರು.

"ಎಂಟ್ ಕೇಜಿ ಎಂಟ್ನೂರು ನಂದು. ಅದ್ನ ಯಾರ್ ಕೇಳಿದ್ರೂ ಏಳ್ತೀನಿ. ಈ ಅರವತ್ತು ಯಾರ್ದು ಸಾ?"

ರಜನೀಶ್ ಚೀಟಿ ಓದಿದರು. ಕಿಟಕಿಯ ಕಡೆ ತಿರುಗಿದರು. ಸೌಜನ್ಯ ಬಂದು ಓದಿದರು.

"ಯಂತ್ರಾನ ಕೊನೇಸಲ ತೂಗಿದ್ ಯಾವಾಗ ಮೇಡಂ?" ಎಂದು ಪುಟ್ಟರಾಜು ಕೇಳಿದರು.

"ಮಾರ್ಚ್‌ನಲ್ಲಿ. ಬೆಂಗಳೂರಲ್ಲಿ." ಅವರು ಬೆರಳು ಮಡಚಿ ಎಣಿಸಿದರು. "ಆಮೇಲೆ ಲೆದರ್ ಸೀಟ್ ಹಾಕಿದ್ವಿ. ಏಸಿ ಹಾಕಿದ್ವಿ. ಕಾಲುಗಳಿಗೆ ಸಪೋರ್ಟ್. ಮುಂದೆ ದೊಡ್ಡ ಸ್ಕ್ರೀನ್."

"ಇಲ್ಲಿ ಬಂದು ಆರ್ ತಿಂಗ್ಳಾತು. ತಕ್ಕಡಿ ಈ ಬಾಗ್ಲಲ್ಲೇ ಐತೆ."

ತಕ್ಕಡಿ ಇದೆ ಎಂದೇ ಆ ಗೋದಾಮನ್ನು ಆರಿಸಿದ್ದ ಕಂಪನಿ ತನ್ನ ಯಂತ್ರವನ್ನು ಒಂದು ಸಲವೂ ಅದರ ಮೇಲೆ ನಿಲ್ಲಿಸಿರಲಿಲ್ಲ. ಮರಳನ್ನು ಗ್ರಾಂ ಲೆಕ್ಕದಲ್ಲಿ ತೂಗಿಸಿತ್ತು.

"ಸೌಜನ್ಯ, ಅರವತ್ತು ಕೆಜಿ ಅಂದ್ರೆ ಏನು?" ಎಂದರು ರಜನೀಶ್.

"ನಲವತ್ತು ಕಿಲೋಮೀಟರ್‌ಗೆ ಮೂರು ಜನ ಸರ್. ಎದುರು ಗಾಳಿ ಇದ್ರೆ ಇಬ್ಬರು. ಏಸಿ ಹಾಕಂಗಿಲ್ಲ."

"ಇಬ್ಬರು ಅಂತ ರಿಪೋರ್ಟ್‌ನಲ್ಲಿ ಬರೆಯೋಕಾಗುತ್ತಾ?"

ನಾಲ್ಕು ಜನರ ಟಿಕೆಟ್ಟಿನ ಮೇಲೆ ಕಟ್ಟಿದ ಲೆಕ್ಕ ಇಬ್ಬರ ಮೇಲೆ ನಿಲ್ಲುವುದಿಲ್ಲ ಎನ್ನುವುದು ಆ ಕೋಣೆಯಲ್ಲಿ ಮೂವರಿಗೂ ಗೊತ್ತಿತ್ತು. ಎರಡು ಗಂಟೆ ತಯಾರಿ, ಇಪ್ಪತ್ತು ನಿಮಿಷ ಹಾರಾಟ, ಒಂದೂವರೆ ಗಂಟೆ ಬ್ಯಾಟರಿ. ಅದರ ಕೊನೆಗೆ ಏಳು ಕಿಲೋ ಬ್ಯಾಗಿನ ಇಬ್ಬರು ಮನುಷ್ಯರು. ರವೀಂದ್ರ ಅವರ ಕಾರು ಅಷ್ಟು ಹೊತ್ತಿನಲ್ಲಿ ಆರು ಜನರನ್ನು ಅವರವರ ಮೂಟೆಯ ಸಮೇತ ಚನ್ನರಾಯಪಟ್ಟಣಕ್ಕೆ ಬಿಟ್ಟು ವಾಪಸು ಬರುತ್ತದೆ. ಒಂದು ನಗರದ ಜನರನ್ನು ಹೀಗೆ ಇಬ್ಬಿಬ್ಬರಂತೆ ಎತ್ತಿ ಸಾಗಿಸುತ್ತೇವೆ ಎಂದು ಹೇಳಲು ಬಣ್ಣದ ಪುಸ್ತಕ ಬೇಕು. ಬರಿ ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ರಜನೀಶ್ ಧ್ವನಿ ಬದಲಾಯಿತು. "ನೋಡಿ ಪುಟ್ಟರಾಜು, ಈ ಚೀಟಿಗಳಿಗೆ ಬೆಲೆ ಇಲ್ಲ. ನಾನು ಕೇಳಿದ್ನಾ ಇದನ್ನ? ನೀವು ಸೈನ್ ಹಾಕದಿದ್ರೆ ನೆಗ್ಲಿಜೆನ್ಸ್ ಅಂತ ಲೀಗಲ್ ನೋಟಿಸ್ ಬರುತ್ತೆ. ಆ ಹೆಂಗಸಿನ ರಾಗಿ, ಮಷೀನಿನ ಕಾಲು, ಎ‌ಲ್ಲಾ ನಿಮ್ಮ ತಲೆ ಮೇಲೆ."

"ಬರ್ಲಿ ಸಾ. ಎರ್ಡೂ ಬರೀರಿ, ಈಗ್ಲೇ ಆಕ್ತೀನಿ. ಒಂದ್ನೇ ಬರುದ್ರೆ ಆಕಲ್ಲ."

"ಎರಡೂ ಬರೆಯೋಕಾಗಲ್ಲ."

"ಅಂಗಾದ್ರೆ ನಾನೇ ಬರ್ಕೊಡ್ತೀನಿ ತಗಳಿ."

ಗೀಟು ಹಾಳೆಯ ಮೇಲೆ ಅವರೇ ಬರೆದರು. ತಾನು ಗೋಣಿ ಕಳೆದು ತೂಗಿದ್ದು ನಿಜ, ಅದರಿಂದ ಎಂಟು ಕಿಲೋ ಎಂಟುನೂರು ಗ್ರಾಂ ಹೆಚ್ಚಾಯಿತು, ತಪ್ಪು ತನ್ನದು. ಯಂತ್ರ ಹಾಳೆಯಲ್ಲಿ ಇದ್ದುದಕ್ಕಿಂತ ಅರವತ್ತು ಕಿಲೋ ಭಾರ ಇತ್ತು, ಅದು ತನ್ನದಲ್ಲ. ಚೀಟಿಯ ನಂಬರು, ದಿನಾಂಕ, ಸಹಿ. ಪೆನ್ನನ್ನು ಸೌಜನ್ಯ ಕಡೆ ಚಾಚಿದರು. ತೂಕದ ಹಾಳೆಯಲ್ಲಿ ಯಾವಾಗಲೂ ಎರಡು ಸಹಿ ಇರುತ್ತಿದ್ದವು. ಸೌಜನ್ಯ ಪೆನ್ನು ತೆಗೆದುಕೊಂಡರು, ರಜನೀಶ್ ಮುಖ ನೋಡಿದರು, ಪೆನ್ನನ್ನು ಮೇಜಿನ ಮೇಲಿಟ್ಟರು.

"ಸಾರಿ ಅಣ್ಣ," ಎಂದರು.

ಪುಟ್ಟರಾಜು ಹೊರಗೆ ಬಂದು, ತಕ್ಕಡಿಯ ಮೇಲಿನ ಗೋಡೆಯಲ್ಲಿ ಎರಡು ಅಂಕಿಗಳನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು, ಒಂದರ ಮುಂದೆ ತನ್ನ ಹೆಸರು, ಇನ್ನೊಂದರ ಮುಂದೆ ಕಂಪನಿಯ ಹೆಸರು ಹಾಕಿ, ಮನೆಗೆ ಹೋದರು. ಮಾರನೆಯ ಬೆಳಿಗ್ಗೆ ಕಂಪನಿಯವರು ಆ ಗೋಡೆಗೆ ಸುಣ್ಣ ಹೊಡೆಸಿದರು. ಹೊಡೆಯಲು ಬಂದವನು ಅರಕಲಗೂಡಿನವನೇ. ಅವನು ಮೊದಲು ಫೋಟೋ ತೆಗೆದುಕೊಂಡು, ಆಮೇಲೆ ಹೊಡೆದ. ಆದರೆ ಫೋಟೋ ಮೊದಲಿನ ಸಾಲಿನಷ್ಟು ದೂರ ಹೋಗಲಿಲ್ಲ. ಎಡವಟ್ಟು ಎನ್ನುವುದನ್ನು ಎಲ್ಲರೂ ಓದಿದ್ದರು. ಗೋಡೆಯ ಮೇಲಿನ ಲೆಕ್ಕವನ್ನು ಓದುವ ತಾಳ್ಮೆ ಕೆಲವರಿಗೆ ಮಾತ್ರ ಇತ್ತು.

ಕಂಪನಿಯ ವರದಿಯಲ್ಲಿ ಕಾರಣ ಎಂಬ ಜಾಗದಲ್ಲಿ ಭಾರ ಹೇರುವಾಗಿನ ಲೋಪ ಎಂದಷ್ಟೇ ಇದೆ. ನೋಟಿಸ್ ಬರಲಿಲ್ಲ. ಬಂದಿದ್ದರೆ ವೇಬ್ರಿಡ್ಜಿನ ಚೀಟಿಗಳೂ ನ್ಯಾಯಾಲಯದ ಮುಂದೆ ಬರುತ್ತಿದ್ದವು. ಡಿಸೆಂಬರ್ ಮುಗಿಯುವ ಮುನ್ನ ಗೋದಾಮು ಖಾಲಿಯಾಯಿತು. ಬಣ್ಣದ ಪುಸ್ತಕದಲ್ಲಿ ಈಗಲೂ ನಾಲ್ಕು ಸೀಟು, ಹತ್ತೊಂಬತ್ತು ನಿಮಿಷ.

ಹಿಂದಿನ ವರ್ಷ ಜನವರಿ ಮೊದಲ ವಾರದ ಹೊತ್ತಿಗೆ ಪುಟ್ಟರಾಜುಗೆ ಹದಿನಾಲ್ಕು ಹೊಲಗಳಿಂದ ಕರೆ ಬಂದಿತ್ತು. ಈ ವರ್ಷ ಮೂರು. ಅವರು ಯಾರಿಗೂ ಫೋನು ಮಾಡಿ ತನ್ನ ಕಥೆ ಹೇಳಿಕೊಳ್ಳಲಿಲ್ಲ. ಕೇಳಿದವರಿಗೆ ಎರಡು ಅಂಕಿಯನ್ನೂ ಹೇಳಿದರು, ಮೊದಲು ತನ್ನದನ್ನು.

ಮೂರರಲ್ಲಿ ಒಂದು ಕರೆ ಗೌರೀಶಂಕರ ಅವರದು. ಹೊಳೆನರಸೀಪುರದ ಹತ್ತಿರ ಒಂದು ಹೊಲದಲ್ಲಿ ನಲವತ್ತೆರಡು ಮೂಟೆ. ಬೆಳಿಗ್ಗೆ ಏಳಕ್ಕೆ ಶುರುವಾದ ತೂಕ ಹನ್ನೊಂದಕ್ಕೆ ಮುಗಿಯಿತು. ಪುಟ್ಟರಾಜು ಅಂಕಿಗಳನ್ನು ಕೂಡಿ ಹಾಳೆ ಕೊಟ್ಟರು. ಗೌರೀಶಂಕರ ಹಾಳೆ ತೆಗೆದುಕೊಂಡು, ಮಡಿಸದೆ, ಹಾಗೇ ಹಿಡಿದು ನಿಂತರು.

"ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ಇನ್ನೊಂದ್ಸಾರಿ ತೂಗಾನ್ವಾ?"

"ಎಷ್ಟ್ ಮೂಟೆ?"

"ಎಲ್ಲಾನೂ."

ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಸಿಲು ಏರಿತ್ತು. ಪುಟ್ಟರಾಜು ಹೊಲಕ್ಕೆ ತಂದಿದ್ದ ಸಣ್ಣ ತಕ್ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಂಕಿ ಕಾಣುವ ಮುಖ ಗೌರೀಶಂಕರ ಕಡೆ ಬರುವಂತೆ ತಿರುಗಿಸಿ ಇಟ್ಟರು. ಆಮೇಲೆ ಅದರ ಹಿಂದಕ್ಕೆ ಹೋಗಿ, ತನಗೆ ಅಂಕಿ ಕಾಣದ ಕಡೆ ನಿಂತು, ಮೊದಲ ಮೂಟೆಗೆ ಕೈ ಹಾಕಿದರು.

"ನೀವೇ ಓದ್ಕಳಿ ಶೆಟ್ರೇ," ಎಂದರು. "ಜೋರಾಗ್ ಓದಿ, ಒಲದೋರ್ಗೂ ಕೇಳ್ಸ್ಲಿ."